ಹನ್ನೊಂದನೆಯ ನಿಮಿಷದ ಚಪ್ಪಲಿ

ಮಾರ್ಚ್ 4, ಸೋಮವಾರ

ಇವತ್ತು ಒಂದು ಕೊಲೆ ರಹಸ್ಯದ ಸಿನಿಮಾ ನೋಡಿದೆ. ಅದರ ಹೆಸರು ಬರೆದು ಈ ಪುಸ್ತಕದ ಹಾಳೆ ಕೆಡಿಸುವುದಿಲ್ಲ. ಎರಡು ಗಂಟೆ ಎಂಟು ನಿಮಿಷ, ಐದು ತಿರುವುಗಳು. ಸತ್ತ ನ್ಯಾಯಾಧೀಶ ಸತ್ತಿರುವುದಿಲ್ಲ, ಆಮೇಲೆ ನಿಜವಾಗಿಯೂ ಸಾಯುತ್ತಾನೆ. ಡ್ರೈವರ್ ಮೇಲೆ ಅನುಮಾನ ಬರುತ್ತದೆ. ಡ್ರೈವರ್‌ಗೆ ಅವಳಿ ತಮ್ಮ ಇದ್ದಾನೆಂದು ತಿಳಿಯುತ್ತದೆ. ಆ ತಮ್ಮ ಎಂದೋ ಸತ್ತುಹೋಗಿದ್ದಾನೆಂದು ಇನ್ನೂ ತಡವಾಗಿ ತಿಳಿಯುತ್ತದೆ. ಇನ್‌ಸ್ಪೆಕ್ಟರ್ ಯೋಚನೆ ಬಂದಾಗಲೆಲ್ಲ ಸಿಗರೇಟು ಹಚ್ಚುತ್ತಾನೆ, ಬಾರದಿದ್ದಾಗ ಎರಡು ಹಚ್ಚುತ್ತಾನೆ. ಕೊನೆಗೆ ಕೊಂದವಳು ಯಾರಪ್ಪಾ ಅಂದರೆ ಗಾಲಿಕುರ್ಚಿಯ ಮೇಲೆ ಕೂತ ಮಗಳು. ಆಕೆಗೆ ನಡೆಯಲು ಬರುತ್ತದಂತೆ. ಹತ್ತು ವರ್ಷದಿಂದ ಬರುತ್ತಿತ್ತಂತೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಆ ಮನೆಯವರ ಮುಖದಲ್ಲಿ ಕಣ್ಣಿನ ಬದಲು ಅಂಗಿಯ ಗುಂಡಿ ಹೊಲಿದಿದ್ದರೇನೋ.

ಎರಡು ವರ್ಷ ಎಂ.ಎ. ತರಗತಿಯಲ್ಲಿ ದುರಂತ ನಾಟಕಗಳ ಮೇಲೆ ಟಿಪ್ಪಣಿ ಬರೆದ ಕೈ ಇದು. ಈಗ ಇದೇ ಕೈ ಈ ಚಿತ್ರವನ್ನು ನಿಲ್ಲಿಸುತ್ತ, ಹಿಂದಕ್ಕೆ ಓಡಿಸುತ್ತ, ಇನ್ನೂ ಹತ್ತಿಪ್ಪತ್ತು ಸಲ ನೋಡಬೇಕು. ಅದು ನನ್ನ ಕೆಲಸ. ಕಣ್ಣು ಕಾಣದವರು ಸಿನಿಮಾ ಕೇಳುವಾಗ, ಪಾತ್ರಗಳು ಮಾತು ನಿಲ್ಲಿಸಿದ ಸಂದಿನಲ್ಲಿ ತೆರೆಯ ಮೇಲೆ ಏನಾಗುತ್ತಿದೆ ಎಂದು ಒಂದು ದನಿ ಹೇಳುತ್ತದಲ್ಲ, ಆ ದನಿಗೆ ಮಾತು ಬರೆದುಕೊಡುವವಳು ನಾನು. ದನಿ ನಮ್ಮ ಮೇಡಮ್ಮಿನದು, ಸ್ಟುಡಿಯೋ ಕೂಡ ಅವರದೇ: ಟೈಲರ್ ಅಂಗಡಿಯ ಮೇಲೆ ಮೂರು ಕೋಣೆ. ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ರೆಕಾರ್ಡಿಂಗ್ ನಿಲ್ಲುತ್ತದೆ.

ಮೇಡಂ ಇವತ್ತು ಸ್ಪಷ್ಟವಾಗಿ ಹೇಳಿದರು. "ನಿನ್ನ ಮೂರು ತಿಂಗಳು ಈ ತಿಂಗಳಿಗೆ ಮುಗಿಯುತ್ತೆ. ಇದು ನೀನೊಬ್ಳೇ ಬರೆಯೋ ಮೊದಲನೇ ಚಿತ್ರ. ಕೇಳುಗರು ಪಾಸ್ ಮಾಡಿದ್ರೆ ಕಾಯಂ. ಇಲ್ಲಾಂದ್ರೆ ನಂಗೆ ಕಷ್ಟ ಆಗುತ್ತೆ ಕಣಮ್ಮ."

ಕಷ್ಟ ಆಗುವುದು ಅವರಿಗಲ್ಲ. ಕಾಯಂ ಆಗದಿದ್ದರೆ ಭಾವನ ಸ್ನೇಹಿತರ ವಿಮಾ ಕಚೇರಿ ನನಗಾಗಿ ಬಾಯಿ ತೆರೆದುಕೊಂಡಿದೆ. ಅಲ್ಲಿ ದಿನಕ್ಕೆ ಇನ್ನೂರು ಅರ್ಜಿಗಳಿಂದ ಜನ್ಮದಿನಾಂಕ ತೆಗೆದು ಕಂಪ್ಯೂಟರಿಗೆ ತುಂಬಿಸಬೇಕು.

ಮನೆಗೆ ಬಂದು ಚಿತ್ರದ ಹೆಸರು ಹೇಳಿದೆ. ಭಾವ ಸೋಫಾದಿಂದ ಎದ್ದು ಕೂತರು. "ಅಯ್ಯೋ, ಅದಾ! ನಾನು ಎರಡು ಸಲ ನೋಡಿದ್ದೀನಿ. ಸೂಪರ್! ನಂಗೆ ಇಂಟರ್‌ವಲ್‌ಗೇ ಗೊತ್ತಾಗೋಯ್ತು."

"ಏನ್ ಗೊತ್ತಾಯ್ತು?" ಎಂದಳು ಅಕ್ಕ. "ಇಂಟರ್‌ವಲ್‌ನಲ್ಲಿ ನನ್ನ ಕಿವೀಲಿ ಡ್ರೈವರ್ರೇ ಅಂದ್ರಲ್ಲ."

"ಡ್ರೈವರ್ ಅಲ್ಲ ಅಂತ ಗೊತ್ತಾಯ್ತು," ಎಂದರು ಭಾವ.

ಮಾರ್ಚ್ 6, ಬುಧವಾರ

ಚಿತ್ರದಲ್ಲಿ ಒಟ್ಟು ಇನ್ನೂರ ಹದಿನಾಲ್ಕು ಸಂದುಗಳು. ಕೆಲವು ಎರಡು ಸೆಕೆಂಡಿನವು, ಒಂದು ಉಸಿರು ಹಿಡಿಸುವಷ್ಟು. ದೊಡ್ಡವು ಇನ್‌ಸ್ಪೆಕ್ಟರ್ ಹೊಗೆ ಬಿಡುವಾಗಿನವು. ಅಲ್ಲಿ ಹೇಳಲು ಏನೂ ಇಲ್ಲ. ಹೇಳಲು ಬೇಕಾದಷ್ಟು ಇರುವ ಕಡೆ ಸಂದಿಲ್ಲ. ನ್ಯಾಯಾಧೀಶನ ಹೆಂಡತಿ ಬಾಗಿಲ ಹಿಂದೆ ನಿಂತಿದ್ದಾಳೆಂದು ಹೇಳೋಣ ಎಂದರೆ ಆ ಮನೆಯ ಅಡಿಗೆಯವನು ವಟವಟ ಅನ್ನುತ್ತಲೇ ಇರುತ್ತಾನೆ. ಸೆಕೆಂಡಿಗೆ ಎರಡು ಪದದ ಲೆಕ್ಕ. ಮೇಡಮ್ಮಿನ ನಿಯಮ ಒಂದೇ: ಕಂಡದ್ದನ್ನು ಹೇಳು, ಅರ್ಥ ಹೇಳಬೇಡ.

ಈ ಚಿತ್ರಕ್ಕೆ ಅರ್ಥ ಹೇಳುವ ಅಪಾಯ ಯಾರಿಗೂ ಇಲ್ಲ.

ಮಾರ್ಚ್ 9, ಶನಿವಾರ

ಆರನೆಯ ಸಲ ನೋಡಿದೆ. ನಿರ್ದೇಶಕ ತನ್ನನ್ನು ಎಷ್ಟು ಜಾಣನೆಂದು ತಿಳಿದಿದ್ದಾನೆ! ಕೊನೆಯಲ್ಲಿ ಮಗಳು ಎದ್ದು ನಿಂತು ಭಾಷಣ ಮಾಡುವಾಗ ಹಳೆಯ ದೃಶ್ಯವೊಂದನ್ನು ತಿರುಗಿ ತೋರಿಸಿ, 'ನೋಡಿ, ಮೊದಲೇ ತೋರಿಸಿದ್ದೆವಲ್ಲ' ಎಂದು ಬೆನ್ನು ತಟ್ಟಿಕೊಳ್ಳುತ್ತಾನೆ. ತೋರಿಸಿದ್ದೇನೆಂದರೆ ಒಂದು ಜೊತೆ ಚಪ್ಪಲಿ. ಹನ್ನೊಂದನೆಯ ನಿಮಿಷದಲ್ಲಿ, ನರ್ಸ್ ಮಗಳ ಕೋಣೆಗೆ ಬಂದಾಗ, ಕಿಟಕಿಯ ಕೆಳಗೆ ಬಿದ್ದಿರುತ್ತವೆ. ಹಿಮ್ಮಡಿ ಸವೆದಿರುತ್ತವೆ. ನಡೆಯಲಾರದವಳ ಚಪ್ಪಲಿ ಸವೆಯುವುದು ಹೇಗೆ? ಒಂದನೇ ಕ್ಲಾಸಿನ ಮಗುವೂ ಹಿಡಿಯುತ್ತದೆ. ಇದನ್ನು ರಹಸ್ಯ ಅನ್ನುವವರಿಗೆ ನಾಚಿಕೆಯಾಗಬೇಕು.

ಅಲ್ಲಿ ಆರು ಸೆಕೆಂಡಿನ ಸಂದಿದೆ. ಬರೆದೆ: "ಕಿಟಕಿಯ ಕೆಳಗೆ ಒಂದು ಜೊತೆ ಚಪ್ಪಲಿ. ಹಿಮ್ಮಡಿ ಸವೆದಿವೆ." ಆಮೇಲೆ ಎರಡು ಸೆಕೆಂಡು ಖಾಲಿ ಬಿಟ್ಟೆ.

ಮಾರ್ಚ್ 12, ಮಂಗಳವಾರ

ಕರಡು ಕೇಳಲು ಆಪರೇಟರ್ ಬಂದಿದ್ದರು. ಹುಟ್ಟಿದಾಗಿನಿಂದ ಕಣ್ಣಿಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತಿಗೆ ಮಾತು ಸೇರಿಸಿ ನಿವೃತ್ತರಾದವರು. ಮೇಡಂ ಬರೆಸುವ ಪ್ರತಿಯೊಂದು ಚಿತ್ರವನ್ನೂ ಮೊದಲು ಕೇಳುವವರು ಇವರೇ. ಇವರಿಗೂ ಕೊಲೆಯ ಚಿತ್ರಗಳೆಂದರೆ ಪ್ರಾಣವಂತೆ. ಭಾವನಿಗೊಬ್ಬ ಜೊತೆ ಸಿಕ್ಕಿದ ಹಾಗಾಯಿತು ಎಂದುಕೊಂಡೆ.

ಕಚ್ಚಾ ರೆಕಾರ್ಡಿಂಗ್ ಶುರುವಾಯಿತು. ನಾನು ಗೋಡೆಗೆ ಒತ್ತಿಕೊಂಡು ಕೂತೆ. ಮೂರನೆಯ ನಿಮಿಷಕ್ಕೇ ಕೈ ಎತ್ತಿದರು.

"'ಹೆಂಡತಿಯ ಮುಖದಲ್ಲಿ ವಿಷಾದದ ನೆರಳು ಹಾಯುತ್ತದೆ.' ಯಾರು ಬರೆದಿದ್ದು?"

"ನಾನು ಸಾರ್."

"ಹಾಯುತ್ತೆ ಅಂದ್ರೆ ಏನ್ ಮಾಡಿದ್ಲು? ತುಟಿ ಕಚ್ಚಿದ್ಲಾ? ಕಣ್ಣು ತಗ್ಗಿಸಿದ್ಲಾ?"

"ಅದು... ಹಣೆ ಉಜ್ಜಿಕೊಂಡ್ಲು ಸಾರ್."

"ಹಾಗಂತ ಹೇಳಮ್ಮ. ವಿಷಾದ ನಾನೇ ಹಾಕ್ಕೋತೀನಿ. ಮನೇಲಿ ಬೇಕಾದಷ್ಟಿದೆ."

ಸೌಂಡ್ ಎಂಜಿನಿಯರ್ ಬಿಸ್ಕತ್ತು ತುಂಬಿದ ಬಾಯಲ್ಲೇ ನಕ್ಕರು. ಆ ಮನುಷ್ಯನ ಬಾಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ. ಮಾತು ಮಾತ್ರ ಇರುವುದಿಲ್ಲ.

ಹನ್ನೊಂದನೆಯ ನಿಮಿಷ ಬಂತು. ಮೇಡಮ್ಮಿನ ದನಿ ಚಪ್ಪಲಿ ಎಂದಿತು, ಸವೆದಿವೆ ಎಂದಿತು. ಎರಡು ಸೆಕೆಂಡು ಮೌನ. ಆಪರೇಟರ್ ಬೆನ್ನು ಕುರ್ಚಿಗೆ ಆನಿಸಿ ಕೈಕಟ್ಟಿದರು.

"ಮುಗೀತಲ್ಲ! ಮಗಳೇ ಕೊಂದಿರೋದು. ಅವಳಿಗೆ ನಡೆಯೋಕೆ ಬರುತ್ತೆ. ಟೀ ತರಿಸ್ತೀರಾ, ಮನೆಗೆ ಹೋಗ್ಲಾ?"

ಸುಳ್ಳು ಹೇಳುವುದೇಕೆ, ನನಗೆ ಖುಷಿಯಾಯಿತು. ಎರಡು ಗಂಟೆಯ ಕಸರತ್ತೆಲ್ಲ ಒಂದು ಸಾಲಿನಲ್ಲಿ ಉಸಿರು ಬಿಟ್ಟ ಬಲೂನಿನಂತೆ ಆಯಿತು.

ಟೀ ಕುಡಿಯುತ್ತ ಆಪರೇಟರ್ ಇನ್ನೊಂದು ಮಾತು ಹೇಳಿದರು: "ಸಿನಿಮಾದಲ್ಲಿ ಕಾಲಿಲ್ಲದೋರು, ಕಣ್ಣಿಲ್ಲದೋರು ಯಾವಾಗ್ಲೂ ನಾಟಕ ಆಡ್ತಿರ್ತಾರೆ ಕಣಮ್ಮ. ಅದಕ್ಕೇ ನಂಗೆ ಬೇಗ ಗೊತ್ತಾಗೋದು. ನಿಜವಾಗ್ಲೂ ಇಲ್ಲದೋರಿಗೆ ಕೊಲೆ ಮಾಡೋ ಪಾತ್ರ ಕೊಡಲ್ಲ ಇವ್ರು. ನಮಗೇನು ಸಿಟ್ಟು ಬರಲ್ವಾ?"

ಮಾರ್ಚ್ 13, ಬುಧವಾರ

ಮೇಡಂ ಬಾಗಿಲು ಹಾಕಿಕೊಂಡು ಬೈದರು. "ಕೊಂದೋರ ಹೆಸರು ಹನ್ನೊಂದನೇ ನಿಮಿಷಕ್ಕೇ ಹೇಳಿಬಿಟ್ಟರೆ ಇನ್ನು ಎರಡು ಗಂಟೆ ಅವರನ್ನ ಕೂರಿಸ್ಕೊಂಡು ಏನ್ ಮಾಡ್ಲಿ, ಪದ್ಯ ಹೇಳ್ಲಾ?"

"ಕಂಡದ್ದನ್ನ ಹೇಳು ಅಂದಿದ್ರಲ್ಲ ಮೇಡಂ. ಕಾಣುತ್ತೆ ಅದು."

"ಕಾಣುತ್ತೆ. ಯಾರಿಗೆ ಕಂಡಿತ್ತು? ನಿಂಗೆ ಮೊದಲನೇ ಸಲ ಕಂಡಿತ್ತಾ?"

ಕಂಡಿರಲಿಲ್ಲ. ಕೊನೆಯಲ್ಲಿ ತಿರುಗಿ ತೋರಿಸಿದಾಗಲೇ ಕಂಡದ್ದು.

"ಎಲ್ಲರ ಕಣ್ಣೂ ನರ್ಸ್ ಮೇಲಿರುತ್ತೆ. ನೀನು ಅದನ್ನ ಬಾಯಿಬಿಟ್ಟು ಹೇಳೋದು, ತೋರುಬೆರಳಿಂದ ತೋರಿಸೋದು, ಎರಡೂ ಒಂದೇ. ತೆಗೆದುಹಾಕು."

ಅದಕ್ಕಿಂತ ಸುಲಭದ ಕೆಲಸ ಯಾವುದಿದೆ? ತೆಗೆದುಹಾಕಿದೆ. ಅದರ ಬದಲು 'ನರ್ಸ್ ಪರದೆ ಎಳೆಯುತ್ತಾಳೆ' ಎಂದಷ್ಟೇ ಬರೆದೆ. ಇಂಥ ಚಿತ್ರದಿಂದ ಏನು ತೆಗೆದರೂ ನಷ್ಟವಿಲ್ಲ. ಪೂರ್ತಿ ತೆಗೆದರೆ ಲಾಭ.

ಮಾರ್ಚ್ 15, ಶುಕ್ರವಾರ

ಹನ್ನೊಂದನೆಯ ಸಲ. ನ್ಯಾಯಾಧೀಶ ಎರಡನೆಯ ಸಾವಿನಲ್ಲಿ ಉಸಿರಾಡುತ್ತಿದ್ದಾನೆ. ಹೊಟ್ಟೆ ಏರಿಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. 'ಹೆಣ ಉಸಿರಾಡುತ್ತದೆ' ಎಂದು ಬರೆದು ಹೊಡೆದುಹಾಕಿದೆ.

ಅಕ್ಕ ಕೇಳಿದಳು, "ವಿಮಾ ಆಫೀಸಿನೋರು ಒಂದನೇ ತಾರೀಖಿಗೆ ಉತ್ತರ ಬೇಕು ಅಂತಿದ್ದಾರೆ. ಏನ್ ಹೇಳ್ಲೇ?" ಹೇಳುತ್ತೇನೆ ಎಂದೆ.

ಮಾರ್ಚ್ 19, ಮಂಗಳವಾರ

ಆಪರೇಟರ್‌ಗೆ ಕೊಲೆಗಾರ್ತಿ ಗೊತ್ತಾಗಿಬಿಟ್ಟಿದೆಯಲ್ಲ, ಆದ್ದರಿಂದ ಹೊಸ ಕಿವಿ ಬೇಕಿತ್ತು. ಅವರೇ ಒಬ್ಬರನ್ನು ಕಳಿಸಿದರು. ಬೆತ್ತದ ಕುರ್ಚಿ ಹೆಣೆಯುವಾಕೆ. ಐವತ್ತರ ಆಸುಪಾಸು. ಎಲ್ಲರೂ ಬೆತ್ತದಮ್ಮ ಅನ್ನುತ್ತಾರಂತೆ. ಬೆರಳ ತುದಿಗಳಲ್ಲಿ ಸೀಳುಗಳು, ಮೇಲೆ ಅಂಟುಪಟ್ಟಿ. ಕೂರುವ ಮೊದಲು ನಮ್ಮ ಕುರ್ಚಿಯನ್ನು ತಡವಿ, "ಇದನ್ನ ಹೆಣೆದೋನು ಅರ್ಧಕ್ಕೆ ಊಟಕ್ಕೆದ್ದು ಹೋಗಿದ್ದಾನೆ," ಎಂದರು. ಎಂಜಿನಿಯರ್ ಬಗ್ಗಿ ನೋಡಿದರು. ಹೌದು, ಅರ್ಧದಿಂದಾಚೆ ಹೆಣಿಗೆ ಬೇರೆಯೇ.

ಎರಡು ಗಂಟೆ ಎಂಟು ನಿಮಿಷ ಆಕೆ ಅಲ್ಲಾಡಲಿಲ್ಲ. ಅನುಮಾನ ಬಂದ ಕಡೆಯಲ್ಲೆಲ್ಲ ಬೆರಳು ಮಡಿಚುತ್ತಿದ್ದರು. ಡ್ರೈವರ್‌ಗೆ ಒಂದು, ಹೆಂಡತಿಗೆ ಒಂದು, ಅಡಿಗೆಯವನಿಗೆ ಎರಡು. ಅನುಮಾನ ಹುಟ್ಟಿಸಲೆಂದೇ ಅಡಿಗೆಯವನನ್ನು ಅಷ್ಟೊಂದು ಮಾತಾಡಿಸಿರಬೇಕು, ನನಗೆ ಹೊಳೆದೇ ಇರಲಿಲ್ಲ. ಕೊನೆಗೆ ಮಗಳು ಎದ್ದು ನಿಂತಳು. ಮೇಡಮ್ಮಿನ ದನಿ ಹೇಳಿತು: "ಹಿಂದಿನ ದೃಶ್ಯ. ಮಗಳ ಕೋಣೆ. ಕಿಟಕಿಯ ಕೆಳಗೆ ಹಿಮ್ಮಡಿ ಸವೆದ ಚಪ್ಪಲಿ."

ಬೆತ್ತದಮ್ಮನ ಮಡಿಚಿದ ಬೆರಳುಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡವು.

"ನಿಲ್ಸಿ," ಎಂದರು. "ಈ ಚಪ್ಪಲಿ ಮೊದಲೇ ಇತ್ತಾ?"

ಮೇಡಂ ಹೊರಗೆ ಫೋನಿನಲ್ಲಿದ್ದರು. ಎಂಜಿನಿಯರ್ ನನ್ನ ಕಡೆ ನೋಡಿದರು.

"ಇತ್ತು," ಎಂದೆ.

"ಕಣ್ಣಿದ್ದೋರಿಗೆ ಕಾಣ್ತಿತ್ತಾ?"

"ನೋಡಿದ್ರೆ ಕಾಣ್ತಿತ್ತು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ... ಗೊತ್ತಾಗಿಬಿಡುತ್ತೆ ಅಂತ."

"ಗೊತ್ತಾದ್ರೆ ಆಗ್ಲಿ, ಬಿಟ್ರೆ ಬಿಡ್ಲಿ, ಅದು ನನ್ನ ಹಣೇಬರ. ಎರಡು ಗಂಟೆಯಿಂದ ಬೆರಳು ಮಡಿಚ್ಕೊಂಡು ಕೂತಿದ್ದೀನಲ್ಲ, ಆಟದಲ್ಲಿ ನಾನೂ ಇದ್ದೀನಿ ಅಂದ್ಕೊಂಡು! ಒಂದು ಎಲೆ ಕಡಿಮೆ ಕೊಟ್ಟು ಇಸ್ಪೀಟಿಗೆ ಕೂರಿಸ್ದಂಗಾಯ್ತು." ಎದ್ದು ಕೋಲು ಬಿಚ್ಚಿದರು. "ಯಾರು ಬರೆದಿದ್ದು ಇದನ್ನ?"

"ನಾನು."

"ಚಿಕ್ಕ ಹುಡುಗಿ ದನಿ. ಸಿನಿಮಾದೋನು ಮೋಸ ಮಾಡಿಲ್ಲ, ಪಾಪ. ನೀನು ಮಾಡಿದೆ."

ಮೆಟ್ಟಿಲಿನವರೆಗೆ ಜೊತೆಗೆ ಹೋದೆ. ಕೈ ಹಿಡಿಯಲು ಹೋದರೆ ಬೇಡವೆಂದರು.

ಮಾರ್ಚ್ 20, ಬುಧವಾರ

ಬರೆಯಲು ಮನಸ್ಸಿಲ್ಲ.

ಮಾರ್ಚ್ 22, ಶುಕ್ರವಾರ

ಹನ್ನೊಂದನೆಯ ನಿಮಿಷವನ್ನು ಮಾತ್ರ ಇವತ್ತು ನಲವತ್ತು ಸಲ ನೋಡಿರಬೇಕು. ದನಿ ನಿಲ್ಲಿಸಿ ನೋಡಿದೆ. ನೋಡುವವರ ಕಣ್ಣು ಎಲ್ಲಿಗೆ ಹೋಗುತ್ತದೆಂದು ಮಾತ್ರ ನೋಡಿದೆ. ಕ್ಯಾಮೆರಾ ಕೋಣೆಯ ಮೇಲೆ ಎಡದಿಂದ ಬಲಕ್ಕೆ ಹಾಯುತ್ತದೆ. ಔಷಧಿ ಶೀಷೆಗಳ ಮೇಲೆ ಬಿಸಿಲು ಬಿದ್ದು ಹೊಳೆಯುತ್ತದೆ, ಕಣ್ಣು ಅಲ್ಲಿಗೆ ಹೋಗುತ್ತದೆ. ಆಮೇಲೆ ಚಪ್ಪಲಿ, ನೆರಳಿನಲ್ಲಿ. ತಕ್ಷಣ ಖಾಲಿ ಹೂದಾನಿ, ಅದರ ಹಿಂದೆಯೇ ನರ್ಸ್‌ನ ಕೈ ಪರದೆಯನ್ನು ಜೋರಾಗಿ ಎಳೆಯುತ್ತದೆ. ಕಣ್ಣು ಕೈಯ ಹಿಂದೆ ಓಡುತ್ತದೆ. ಚಪ್ಪಲಿಯನ್ನು ಮುಚ್ಚಿಟ್ಟಿಲ್ಲ. ನಡುವೆ ಇಟ್ಟಿದ್ದಾರೆ, ಅಷ್ಟೆ. ಇಷ್ಟು ಕೆಲಸ ಗೊತ್ತಿದ್ದವರಿಗೆ ಅವಳಿ ತಮ್ಮ ಏಕೆ ಬೇಕಿತ್ತೋ ದೇವರೇ ಬಲ್ಲ.

ಹಾಗಾದರೆ ಮಾತಿನಲ್ಲೂ ನಡುವೆ ಇಡಬಹುದು. ಮೊದಲು ಹೇಳಿದ್ದು ಮನಸ್ಸಿನಲ್ಲಿ ಕೂರುತ್ತದೆ, ಕೊನೆಗೆ ಹೇಳಿದ್ದು ಕಿವಿಯಲ್ಲಿ ಉಳಿಯುತ್ತದೆ. ನಡುವಿನದನ್ನು ಯಾರು ಕೇಳುತ್ತಾರೆ?

ಸಂಜೆ ಮನೆಯಲ್ಲಿ ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅವಳು ಚಿತ್ರ ನೋಡಿದ್ದರೂ ಇಂಟರ್‌ವಲ್ ಆದಮೇಲೆ ನಿದ್ದೆ ಮಾಡಿದ್ದಳು, ಕೊನೆ ಗೊತ್ತಿಲ್ಲ. ಕಣ್ಣು ಮುಚ್ಚಿಸಿ ದೃಶ್ಯವನ್ನು ಮಾತು ಸಮೇತ ಓದಿದೆ. ಸಾಲು ಹೀಗಿತ್ತು: "ಕಿಟಕಿಯ ಬಳಿ ಔಷಧಿ ಶೀಷೆಗಳು, ಸವೆದ ಚಪ್ಪಲಿ, ಖಾಲಿ ಹೂದಾನಿ. ನರ್ಸ್ ಪರದೆ ಎಳೆಯುತ್ತಾಳೆ."

"ಯಾರ ಮೇಲೆ ಅನುಮಾನ?" ಎಂದೆ.

"ನರ್ಸ್ ಮೇಲೆ. ಔಷಧಿ ಅಂದ್ಯಲ್ಲ, ಏನೋ ಬೆರೆಸಿದ್ದಾಳೆ." ಮಡಿಸಿದ ಟವೆಲನ್ನೇ ಮತ್ತೆ ಮಡಿಸಿದಳು. "ಮುಂದೆ ಓದೇ."

ಭಾವ ಬಂದರು. "ನಂಗೂ ಓದು. ಆದ್ರೆ ನಂಗೆ ಎಲ್ಲಾ ಗೊತ್ತು."

"ಹನ್ನೊಂದನೇ ನಿಮಿಷದಲ್ಲಿ ಕಿಟಕಿ ಹತ್ರ ಏನಿತ್ತು ಭಾವ?"

ಭಾವ ಚಾವಣಿ ನೋಡಿದರು. "ಕಿಟಕೀನಾ? ಕಿಟಕಿ ಇತ್ತಾ?"

ಅಕ್ಕ ನಕ್ಕು ನಕ್ಕು ಬಟ್ಟೆಯ ರಾಶಿಯ ಮೇಲೆ ಬಿದ್ದಳು. ಭಾವನೂ ನಕ್ಕರು. ಮತ್ತೆ ಕಣ್ಣು ಮುಚ್ಚಿಕೊಂಡು ಸೋಫಾದ ತುದಿಯಲ್ಲಿ ಕೂತು, ಹೆದರುವ ಕಡೆ ಹೆದರುತ್ತ, ಒಂದು ಗಂಟೆ ನನ್ನ ಓದು ಕೇಳಿದರು. ನನ್ನ ಗಂಟಲು ಬಿದ್ದುಹೋಗಿದೆ. ಮನೆಯಲ್ಲಿ ಒಂದೇ ದಿನ ಇಷ್ಟು ಮಾತಾಡಿದ್ದು ನೆನಪಿಲ್ಲ. ಎಲ್ಲ ಆ ದರಿದ್ರ ಚಿತ್ರದಿಂದ.

ಮಾರ್ಚ್ 25, ಸೋಮವಾರ

ಮೇಡಂ ಹೊಸ ಸಾಲು ಓದಿ ತಲೆದೂಗಿದರು. ಆಮೇಲೆ ನಿರ್ಮಾಪಕರ ಪತ್ರ ತೋರಿಸಿದರು. ಮೊದಲ ಕರಡಿನ ಕತೆ ಅವರ ಕಿವಿಗೆ ಬಿದ್ದಿದೆ. 'ಕೊನೆಯ ದೃಶ್ಯಕ್ಕೆ ಮುನ್ನ ಚಪ್ಪಲಿಯ ಪ್ರಸ್ತಾಪ ಎಲ್ಲಿಯೂ ಕೂಡದು.'

"ಅಲ್ಲಿಗೆ ಮುಗೀತು," ಎಂದರು ಮೇಡಂ. "ಚಪ್ಪಲಿ ಇಲ್ಲದೇ ಇರೋ ರೆಕಾರ್ಡಿಂಗ್ ಶನಿವಾರ ಕೇಳುಗರಿಗೆ ಹೋಗುತ್ತೆ. ಅವರೇನೂ ತಪ್ಪು ಹಿಡಿಯಲ್ಲ. ನಿನ್ನ ಕೆಲಸ ಕಾಯಂ. ಸಂತೋಷ ತಾನೆ?"

ಸಂತೋಷವೇ ಆಗಬೇಕಿತ್ತು. ನನ್ನ ಬಾಯಿ ಹೇಳಿತು: "ಬೆತ್ತದಮ್ಮ ತಪ್ಪು ಹಿಡಿದ್ರಲ್ಲ ಮೇಡಂ."

"ಅವರೊಬ್ರು."

"ಮೇಡಂ, ಕಣ್ಣಿದ್ದೋರಿಗೆ ಒಂದು ಅವಕಾಶ ಇತ್ತು. ಇವ್ರಿಗೆ ಇಲ್ಲ. ಇದಕ್ಕೆ ನನ್ನ ಹೆಸರು ಹಾಕಬೇಡಿ."

ಎಂಜಿನಿಯರ್ ಅಗಿಯುವುದನ್ನು ನಿಲ್ಲಿಸಿದರು. ಮೇಡಂ ಕನ್ನಡಕ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೂರು ತಿಂಗಳಲ್ಲಿ ನಾನು ಅವರೆದುರು ಆಡಿದ ಅತಿ ಉದ್ದದ ಮಾತು ಅದು.

"ನಿರ್ದೇಶಕರು ಒಪ್ಪಿದ್ರೆ ನಿರ್ಮಾಪಕರೂ ಒಪ್ತಾರೆ. ಹೋಗಿ ಕೇಳು. ಆದ್ರೆ ಒಂದು ತಿಳ್ಕೋ. ಚಪ್ಪಲಿ ಇಟ್ಟು, ಶನಿವಾರ ಅರ್ಧಕ್ಕಿಂತ ಜಾಸ್ತಿ ಜನ ಮೊದಲೇ ಕಂಡುಹಿಡಿದ್ರೆ, ಆಮೇಲೆ ನನ್ನ ಹತ್ರ ಬರಬೇಡ."

ನಾನು ಹೋಗುವುದಿಲ್ಲವೆಂದು ಅವರಿಗೆ ಧೈರ್ಯ. ಮೆಟ್ಟಿಲಲ್ಲಿ ಎದುರಿಗೆ ಯಾರಾದರೂ ಬಂದರೆ ಮತ್ತೆ ಮೇಲೆ ಹತ್ತಿ ನಿಲ್ಲುವವಳು ನಾನು.

ಮಾರ್ಚ್ 27, ಬುಧವಾರ

ಹೋದೆ. ಹಾದಿಯುದ್ದಕ್ಕೂ ಬೈಗುಳ ಅಭ್ಯಾಸ ಮಾಡಿಕೊಂಡೆ. ಕಪ್ಪು ಕನ್ನಡಕ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಿರುವ ಗರ್ವಿಷ್ಠನನ್ನು ಮನಸ್ಸಿನಲ್ಲೇ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಎಡಿಟಿಂಗ್ ಕೋಣೆಯ ಮೂಲೆಯಲ್ಲಿ ಒಬ್ಬ ಮನುಷ್ಯ ಬಿಸಿನೀರಿನ ಪಾತ್ರೆಯ ಮೇಲೆ ಬಗ್ಗಿ, ತಲೆಗೆ ಟವೆಲ್ ಹೊದ್ದು ಆವಿ ತೆಗೆದುಕೊಳ್ಳುತ್ತಿದ್ದ.

"ಯಾರು?" ಎಂದಿತು ಟವೆಲು.

"ಸ್ಟುಡಿಯೋದಿಂದ. ಕಣ್ಣು ಕಾಣದೋರಿಗೆ ವಿವರಣೆ ಬರೆಯೋಳು ಸಾರ್."

"ಹೇಳಿ. ಈಗ ಹೊರಗೆ ಬಂದ್ರೆ ಮೂಗು ಮತ್ತೆ ಕಟ್ಕೊಳ್ಳುತ್ತೆ."

ನೋಡುವ ಕಣ್ಣುಗಳಿಲ್ಲದ ಮೇಲೆ ನನಗೇನು ಭಯ? ಟವೆಲಿಗೆ ಎಲ್ಲವನ್ನೂ ಹೇಳಿದೆ. ಬೆತ್ತದಮ್ಮನ ಇಸ್ಪೀಟಿನ ಮಾತನ್ನೂ ಹೇಳಿದೆ.

"ಎಷ್ಟು ಸಲ ನೋಡಿದ್ರಿ ನನ್ನ ಚಿತ್ರ?"

"ಪೂರ್ತಿಯಾಗಿ ಹತ್ತೊಂಬತ್ತು ಸಲ."

"ಅಯ್ಯೋ ಪಾಪ. ಹೇಗಿದೆ?"

"ಚೆನ್ನಾಗಿಲ್ಲ ಸಾರ್."

ಟವೆಲು ನನ್ನ ಕಡೆ ತಿರುಗಿತು.

"ಯಾವುದು ಚೆನ್ನಾಗಿಲ್ಲ?"

"ಅವಳಿ ತಮ್ಮ. ಸಿಗರೇಟು. ನ್ಯಾಯಾಧೀಶರು ಎರಡು ಸಲ ಸಾಯೋದು. ಆ ಹುಡುಗಿ ಕೊನೇಲಿ ಮಾಡೋ ಭಾಷಣ. ಮತ್ತೆ, ನಡೆಯೋಕಾಗದೋಳು ನಾಟಕ ಆಡ್ತಿದ್ಲು ಅನ್ನೋದು. ನಿಜವಾಗ್ಲೂ ಆಗದೋರು ಕೇಳಿದ್ರೆ ಅವ್ರಿಗೆ ಹೇಗಾಗುತ್ತೆ?"

"ಇನ್ನೇನಾದ್ರೂ ಉಳೀತಾ?"

"ಚಪ್ಪಲಿ ಉಳೀತು ಸಾರ್."

ಟವೆಲು ಸರಿಯಿತು. ಕೆಂಪಗೆ ಬೆಂದ ಮುಖ, ಹಣೆಗೆ ಅಂಟಿದ ನಾಲ್ಕು ಕೂದಲು. "ಅದು ನನ್ನ ತಂಗಿ ಚಪ್ಪಲಿ," ಎಂದರು. "ಹೊಸದು ಸವೆಸಿ ಸವೆಸಿ ನೋಡಿದ್ವಿ, ನಿಜ ಅನ್ನಿಸ್ಲಿಲ್ಲ. ಕೊನೆಗೆ ಅವಳ ಕಾಲಿಂದ ಬಿಚ್ಚಿಸ್ಕೊಂಡು ಬಂದೆ. ಆ ಆರು ಸೆಕೆಂಡಿಗೆ ಎರಡು ದಿನ ಹಿಡೀತು. ಹೊಗಳಿದೋರೆಲ್ಲಾ ಅವಳಿ ತಮ್ಮನನ್ನೇ ಹೊಗಳಿದ್ರು, ಇದನ್ನ ಯಾರೂ ಕೇಳ್ಲಿಲ್ಲ." ಸೀನಿದರು. ಮತ್ತೆ ಟವೆಲು ಹೊದ್ದರು. "ಈಗ ನಂಗೂ ಏನೂ ಕಾಣಲ್ಲ. ಆ ದೃಶ್ಯ ಓದಿ, ನೋಡೋಣ. ಒಂದು ನಿಮಿಷ ಮೊದಲಿಂದ."

ಓದಿದೆ. ನರ್ಸ್‌ನ ಮಾತು, ಮಗಳ ಮಾತು, ಸಂದು, ಸಾಲು, ಮತ್ತೆ ಮಾತು. ಮುಗಿಸಿ ಕಾದೆ.

"ಹ್ಞೂಂ, ನಿಲ್ಲಿಸಿದ್ರಿ ಯಾಕೆ? ಚಪ್ಪಲಿ ಬರಲಿ."

"ಬಂದು ಹೋಯ್ತು ಸಾರ್."

ಟವೆಲಿನೊಳಗೆ ಒಂದು ನಗು ಶುರುವಾಗಿ ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ನೀರು ಚೆಲ್ಲಿತು.

"ನಿರ್ಮಾಪಕರಿಗೆ ನಾನು ಹೇಳ್ತೀನಿ," ಎಂದರು ಕೊನೆಗೆ. "ನೀವು ಹೋಗಿ. ಶೀತ ಹತ್ತುತ್ತೆ."

ಇಷ್ಟು ಒಳ್ಳೆಯ ಮನುಷ್ಯ ಅಷ್ಟು ಕೆಟ್ಟ ಚಿತ್ರವನ್ನು ಹೇಗೆ ತೆಗೆದನೋ.

ಮಾರ್ಚ್ 30, ಶನಿವಾರ

ಮಧ್ಯಾಹ್ನ ಎರಡಕ್ಕೆ ಸಣ್ಣ ಥಿಯೇಟರಿನಲ್ಲಿ ಮೂವತ್ತಾರು ಕೇಳುಗರು. ಮಡಿಚಿದ ಬಿಳಿ ಕೋಲುಗಳು ಎಲ್ಲರ ತೊಡೆಯ ಮೇಲೆ. ಯಾರೂ ತೆರೆಯ ಕಡೆಗೇ ಮುಖ ಮಾಡಿ ಕೂತಿರಲಿಲ್ಲ, ಒಬ್ಬೊಬ್ಬರ ಕಿವಿ ಒಂದೊಂದು ಕಡೆ. ಚಿತ್ರ ಶುರುವಾಗುವ ಮುಂಚೆ ಬಾಗಿಲಲ್ಲಿ ಬೆತ್ತದಮ್ಮ ಕಾಣಿಸಿಕೊಂಡರು. ಅವರನ್ನು ಕರೆದಿರಲಿಲ್ಲ. ಕತೆ ಗೊತ್ತಿದ್ದವರು ಬರುವಂತಿಲ್ಲ.

"ಪೂರ್ತಿ ಕೇಳೋಕೆ ನಂಗೇನು ಹುಚ್ಚಾ?" ಎಂದರು. "ಚಪ್ಪಲಿ ಹನ್ನೊಂದನೇ ನಿಮಿಷಕ್ಕೆ ಅಂತ ಆಪರೇಟರ್ ಹೇಳಿದ್ರು, ಅಷ್ಟು ಹೊತ್ತು ಕೂರ್ತೀನಿ. ಮೂಲೇಲಿ ಒಂದು ಕುರ್ಚಿ ಕೊಡು. ಬಾಯಿ ಬಿಡಲ್ಲ."

ಕೊಟ್ಟೆ. ಪಕ್ಕದಲ್ಲೇ ನಿಂತೆ. ನನ್ನ ಕೈಗಡಿಯಾರದ ಮುಳ್ಳನ್ನೇ ನೋಡುತ್ತಿದ್ದೆ. ಔಷಧಿ ಶೀಷೆಗಳು, ಸವೆದ ಚಪ್ಪಲಿ, ಖಾಲಿ ಹೂದಾನಿ. ಪರದೆಯ ಉಂಗುರಗಳು ಸರ್ರೆಂದವು. ಮೂವತ್ತಾರು ತಲೆಗಳಲ್ಲಿ ಒಂದೂ ಅಲುಗಲಿಲ್ಲ.

ಬೆತ್ತದಮ್ಮ ನನ್ನ ತೋಳು ತಡವಿ ಹಿಡಿದು, "ಬಂತು," ಎಂದು ಪಿಸುಗುಟ್ಟಿ, ಎದ್ದು ಹೊರಟೇಹೋದರು.

ಕೊನೆಯ ದೃಶ್ಯದಲ್ಲಿ, ಚಪ್ಪಲಿ ಎರಡನೆಯ ಸಲ ಬಂದಾಗ, ಒಬ್ಬ ಹುಡುಗಿ "ಅಯ್ಯೋ, ಹೇಳಿದ್ರಲ್ಲ!" ಎಂದು ಚೀರಿದಳು. ಅದರ ಹಿಂದೆ ಇಡೀ ಕೋಣೆ ಮಾತಾಡತೊಡಗಿತು. ಮಗಳ ಭಾಷಣ ಯಾರಿಗೂ ಕೇಳಿಸಲಿಲ್ಲ. ಯಾರಿಗೂ ನಷ್ಟವಾಗಲಿಲ್ಲ.

ಏಪ್ರಿಲ್ 1, ಸೋಮವಾರ

ಕೇಳುಗರು ಹೇಳಿ ಬರೆಸಿದ ಅಭಿಪ್ರಾಯಗಳನ್ನು ಎಂಜಿನಿಯರ್ ಕಡಲೆಕಾಯಿ ಸುಲಿಯುತ್ತ ಓದಿದರು. ಮೂವತ್ತಾರರಲ್ಲಿ ಮೊದಲೇ ಕಂಡುಹಿಡಿದವರು ಮೂರು ಜನ. ಚಪ್ಪಲಿಯಿಂದ ಹಿಡಿದವರು ಅವರಲ್ಲಿ ಒಬ್ಬರೇ. ಮೇಡಂ ಪೆನ್ನು ಕೆಳಗಿಟ್ಟರು. ಆದರೆ ಚಿತ್ರ ಹೇಗಿತ್ತು ಎಂಬ ಪ್ರಶ್ನೆಗೆ ಬಂದಾಗ ಅವರ ಮುಖ ಇಳಿಯತೊಡಗಿತು.

"'ತಲೆಬುಡ ಇಲ್ಲ.' 'ಅವಳಿಗಳನ್ನು ಹೆರುವುದು ಸಿನಿಮಾದಲ್ಲಿ ಸುಲಭ.' 'ಇನ್‌ಸ್ಪೆಕ್ಟರ್ ಬೇಗ ಶ್ವಾಸಕೋಶ ತೋರಿಸಿಕೊಳ್ಳಲಿ.' 'ನಮ್ಮಂಥವರನ್ನು ಯಾವಾಗಲೂ ಕಳ್ಳರನ್ನಾಗಿ ಮಾಡುತ್ತಾರೆ.' ಹತ್ತೊಂಬತ್ತು ಜನ ಬೈದಿದ್ದಾರೆ ಮೇಡಂ."

"ಇದನ್ನ ಹೇಗಪ್ಪಾ ಕಳಿಸೋದು ಅವ್ರಿಗೆ?" ಎಂದು ಮೇಡಂ ನಿರ್ದೇಶಕರಿಗೆ ಫೋನು ಮಾಡಿದರು, ಸ್ಪೀಕರಿನಲ್ಲಿ. ಬೈಗುಳಗಳನ್ನು ಒಂದೊಂದಾಗಿ ಓದಿಹೇಳಿದಾಗ ಅತ್ತ ಕಡೆಯಿಂದ ಮೂಗು ಕಟ್ಟಿದ ನಗು ಬಂತು.

"ಥಿಯೇಟರ್‌ನಲ್ಲೂ ಅರ್ಧಕ್ಕರ್ಧ ಜನ ಇದನ್ನೇ ಬೈದ್ರು ಮೇಡಂ. ಶ್ವಾಸಕೋಶದ್ದೂ ಸೇರಿಸಿ. ಒಂದೂ ಬಿಟ್ಟುಹೋಗಿಲ್ಲ. ನಿಮ್ಮ ಹುಡುಗಿ ಚಿತ್ರಾನ ಪೂರ್ತಿಯಾಗಿ ದಾಟಿಸಿದ್ದಾಳೆ ಅಂತ ಅರ್ಥ. ಹಾಗೇ ಬಿಡುಗಡೆ ಮಾಡಿ."

ಮೇಡಂ ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ಸರಿಸಿದರು. ಸಹಿ ಮಾಡಿದೆ. ಅಕ್ಕನಿಗೆ ಫೋನು ಮಾಡಿ, ವಿಮಾ ಕಚೇರಿಗೆ ಇಲ್ಲವೆಂದು ಹೇಳಿಬಿಡು ಎಂದೆ. ಹಿಂದಿನಿಂದ ಭಾವ, "ನಂಗೆ ಮೊದಲೇ ಗೊತ್ತಿತ್ತು!" ಎಂದು ಕೂಗಿದರು.

ಎಂಜಿನಿಯರ್ ಉಳಿದ ಹಾಳೆಗಳನ್ನು ಓದುತ್ತಲೇ ಇದ್ದರು. "'ಇಂಥ ಚಿತ್ರ ತೆಗೆದವರಿಗೆ ಕೆಲಸವೇ ಗೊತ್ತಿಲ್ಲ.'"

"ಅದು ಸರಿಯಲ್ಲ," ಎಂದೆ. "ಕೆಲಸ ಗೊತ್ತಿಲ್ಲ ಅಂತ ಹೇಗೆ ಹೇಳ್ತಾರೆ? ಅಡಿಗೆಯವನು ಯಾಕೆ ಅಷ್ಟು ಮಾತಾಡ್ತಾನೆ ಅಂತ ಯೋಚನೆ ಮಾಡಿದ್ದಾರಾ ಅವ್ರು? ಯಾರದು ಆ ಹಾಳೆ? ಅವರ ನಂಬರ್ ಇದೆಯಾ?"

ಎಂಜಿನಿಯರ್ ಅರ್ಧ ಸುಲಿದ ಕಡಲೆಕಾಯಿಯನ್ನು ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೂತರು. ಏನು ನೋಡುತ್ತಿದ್ದರೋ. ನಂಬರ್ ಕೊಡಲಿಲ್ಲ.